ಟೈಮ್ ಕೊಟ್ಟಿಲ್ಲ ಮಾಮ

ಹೋದ ಭಾನುವಾರ ಮಧ್ಯಾಹ್ನ ಉಂಡು ಇನ್ನೇನು ಒಂದು ಜೊಂಪು ಹತ್ತಬೇಕು ಅನ್ನೋ ಹೊತ್ತಿಗೆ ಅಕ್ಕನ ಮಗಳ ಫೋನು. ಫಸ್ಟ್ ಪಿಯುಸಿ ಸೈನ್ಸು. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಮ್ಮಲ್ಲಿ ಜವ, ವೇಗ, ವೇಗೋತ್ಕರ್ಷ, ಸ್ಥಾನಪಲ್ಲಟ ಅಂತ ಚೆನ್ನಾಗಿ ಓದ್ಕೊಂಡು ಬಂದವಳಿಗೆ ಈಗ ಅದೇ ಪಾಠ ಇಂಗ್ಲಿಷಲ್ಲಿ ಬಂದು ಎದುರಿಗೆ ನಿಂತಿದೆ, ಗುರುತಿದ್ದವರೇ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬಂದಂಗೆ. "ಮಾಮ, ಈ ಲೆಕ್ಕ ತಪ್ಪಾಗಿ ಪ್ರಿಂಟ್ ಆಗಿದೆ ಅನ್ಸುತ್ತೆ. ಟೈಮ್ ಕೊಟ್ಟೇ ಇಲ್ಲ" ಅಂದ್ಲು. ಓದು ಅಂದೆ. ಗಂಟೆಗೆ 72 ಕಿಲೋಮೀಟರಲ್ಲಿ ಹೋಗ್ತಿರೋ ಕಾರು, ಡ್ರೈವರ್ ಬ್ರೇಕ್ ಹಾಕ್ತಾನೆ, 40 ಮೀಟರ್ ಹೋಗಿ ನಿಲ್ಲುತ್ತೆ, ಡಿಸೆಲರೇಷನ್, ಅಂದ್ರೆ ಸೆಕೆಂಡಿಗೆ ವೇಗ ಕಮ್ಮಿಯಾಗೋದು, ಎಷ್ಟು? ನಾನು ಅರೆನಿದ್ದೇಲೇ "ವಿ ಸ್ಕ್ವೇರ್ ಈಕ್ವಲ್ ಟು ಯು ಸ್ಕ್ವೇರ್ ಪ್ಲಸ್ ಟು ಎ ಎಸ್ ಹಾಕು, 72 ಅಂದ್ರೆ ಸೆಕೆಂಡಿಗೆ 20 ಮೀಟರ್, 400ನ 80ರಿಂದ ಭಾಗಿಸು, 5 ಬರುತ್ತೆ, ಮುಂದೆ ಮೈನಸ್ ಹಾಕೋದು ಮರೀಬೇಡ" ಅಂತ ಒದರಿದೆ. ವಿ ಅಂದ್ರೆ ಕೊನೇ ವೇಗ, ಯು ಮೊದಲ ವೇಗ, ಎ ವೇಗೋತ್ಕರ್ಷ, ಎಸ್ ದೂರ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ, ಪೆನ್ನು ಓಡೋ ಸದ್ದಷ್ಟೇ. ಆಮೇಲೆ "ಬಂತು. ಆದ್ರೆ ಮಾಮ, ವೇಗೋತ್ಕರ್ಷ ಅಂದ್ರೇನೇ ಒಂದು ಸೆಕೆಂಡಿಗೆ ವೇಗ ಎಷ್ಟು ಬದಲಾಯ್ತು ಅಂತ ತಾನೇ? ಸೆಕೆಂಡೇ ಗೊತ್ತಿಲ್ದೆ ಸೆಕೆಂಡಿಗೆ ಇಷ್ಟು ಅಂತ ಹೆಂಗ್ ಹೇಳೋಕಾಗುತ್ತೆ?"

ಅದು ಫಾರ್ಮುಲಾ ಕಣೇ ಅಂದೆ. ಹೂಂ ಅಂದು ಇಟ್ಲು. ನಿದ್ದೆ ಹಾರೋಯ್ತು. ಯಾಕಂದ್ರೆ ಅವಳು ಕೇಳಿದ್ದು ಸರಿಯಾಗೇ ಇತ್ತು, ನಾನು ಕೊಟ್ಟಿದ್ದು ಉತ್ತರ ಅಲ್ಲ, ಬಾಯಿ ಮುಚ್ಚಿಸೋ ಬಿರಡೆ. ನಮಗೂ ಇದೇ ಬಿರಡೆ ಹಾಕಿದ್ರು. ಮೂರು ಈಕ್ವೇಷನ್ ಇದೆ, ಟೈಮ್ ಕೊಟ್ಟಿದ್ರೆ ಮೊದಲನೇದೋ ಎರಡನೇದೋ, ಕೊಡದಿದ್ರೆ ಮೂರನೇದು, ಅದೇ ಆ ವಿ ಸ್ಕ್ವೇರ್‌ದು, ಮಾರ್ಕ್ಸ್ ಬಂತು, ಮುಗೀತು. ಇಪ್ಪತ್ತು ವರ್ಷದಲ್ಲಿ ಆ ಮೂರನೇದು ಏನು ಹೇಳ್ತಿದೆ ಅಂತ ನಾನು ಕೂತು ಯೋಚನೆ ಮಾಡಿದ್ದು ಎಷ್ಟು ಸಲ? ಅವತ್ತು ಸಾಯಂಕಾಲದವರೆಗೂ ಅದೇ ತಲೇಲಿ ಕೊರೀತಾ ಇತ್ತು.

ಹಲಗೆಗೆ ಹೊಕ್ಕ ಗುಂಡು

ಪಿಯುಸಿಲಿ ನಮಗೊಬ್ರು ಲೆಕ್ಚರರ್ ಇದ್ರು, ಬೋರ್ಡಲ್ಲಿ ಬರೆಯೋದು ಕಮ್ಮಿ, ಚಾಕ್‌ಪೀಸನ್ನ ಬೆರಳಲ್ಲಿ ತಿರುಗಿಸ್ತಾ ಕಿಟಕಿ ಹೊರಗೆ ನೋಡೋದೇ ಜಾಸ್ತಿ. ಒಂದಿನ ಬಂದವರೇ ಎಲ್ಲಾ ಗೈಡಲ್ಲೂ ಇರೋ ಆ ಹಳೇ ಲೆಕ್ಕ ಕೇಳಿದ್ರು. ಬಂದೂಕಿನ ಗುಂಡು ಮರದ ಹಲಗೆಗೆ ಹೊಕ್ಕು 3 ಸೆಂಟಿಮೀಟರ್ ಹೋಗೋಷ್ಟರಲ್ಲಿ ಅರ್ಧ ವೇಗ ಕಳ್ಕೊಳ್ತು, ಹಲಗೆಯ ಅಡ್ಡಿ ಎಲ್ಲಾ ಕಡೆ ಒಂದೇ ಥರ, ಹಂಗಾದ್ರೆ ನಿಲ್ಲೋಕೆ ಮುಂಚೆ ಇನ್ನೆಷ್ಟು ದೂರ ಹೋಗುತ್ತೆ? ಇಡೀ ಕ್ಲಾಸು ಒಂದೇ ಬಾಯಲ್ಲಿ "ಮೂರು ಸಾರ್". ನಾನಂತೂ ಎಲ್ಲರಿಗಿಂತ ಜೋರಾಗಿ. ಅರ್ಧ ಕಳ್ಕೊಳ್ಳೋಕೆ ಮೂರು ಬೇಕಾದ್ರೆ ಉಳಿದ ಅರ್ಧಕ್ಕೂ ಮೂರೇ ತಾನೇ, ಇದಕ್ಕೆ ಫಿಸಿಕ್ಸ್ ಯಾಕೆ ಬೇಕು?

ಅವರು ನಗ್ಲೂ ಇಲ್ಲ ಬೈಲೂ ಇಲ್ಲ. ಬೋರ್ಡ್ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದು ನಾಲ್ಕು ಭಾಗ ಮಾಡಿದ್ರು. "ವೇಗ ಅರ್ಧ ಆದ್ರೆ ವೇಗದ ಸ್ಕ್ವೇರ್ ಎಷ್ಟಾಯ್ತು?" ಕಾಲು ಸಾರ್. "ಹಂಗಾದ್ರೆ ಖರ್ಚಾಗಿದ್ದೆಷ್ಟು?" ಮುಕ್ಕಾಲು. "ಮುಕ್ಕಾಲಿಗೆ ಮೂರು ಸೆಂಟಿಮೀಟರ್ ಹಿಡೀತು, ಮಿಕ್ಕ ಕಾಲಿಗೆ?" ಯಾರೋ ಹಿಂದಿನ ಬೆಂಚಿಂದ ಮೆಲ್ಲಗೆ "ಒಂದು" ಅಂದ. ಅವರು ಗೆರೆಯ ಕೊನೇ ತುಂಡಿನ ಮೇಲೆ ಚಾಕ್‌ಪೀಸ್ ಕುಟ್ಟಿ, "ಹಲಗೆ ವೇಗ ನೋಡ್ಕೊಂಡು ಕತ್ತರಿಸಲ್ಲ ಕಣ್ರೋ, ವೇಗದ ಸ್ಕ್ವೇರ್ ನೋಡ್ಕೊಂಡು ಕತ್ತರಿಸುತ್ತೆ" ಅಂದ್ರು, ಬೆಲ್ ಆಯ್ತು, ಹೋದ್ರು. ಕಾಲು, ಅರೆ, ಮುಕ್ಕಾಲು ಅಂತ ಅಜ್ಜಿ ಮಗ್ಗಿ ಹೇಳಿಸಿದ್ದು ಆವತ್ತು ಉಪಯೋಗಕ್ಕೆ ಬಂತು ನೋಡಿ, ಪಾಯಿಂಟ್ ಸೆವೆಂಟಿ ಫೈವ್ ಅಂದಿದ್ರೆ ಇಷ್ಟು ಬೇಗ ತಲೆಗೆ ಹೋಗ್ತಿರ್ಲಿಲ್ಲ. ಆದ್ರೆ ಯಾಕೆ ಸ್ಕ್ವೇರ್ ಅಂತ ಆವತ್ತು ಯಾರೂ ಕೇಳಲಿಲ್ಲ, ಕ್ಯಾಂಟೀನಿಗೆ ಓಡಿದ್ವಿ.

ನಮ್ಮದು ದಡ್ಡತನ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಗಿದ್ದು, ಗೆಲಿಲಿಯೋನೂ ಇಲ್ಲೇ ಎಡವಿದ್ದ. 1604ರಲ್ಲಿ ಸ್ನೇಹಿತ ಪಾವೊಲೊ ಸಾರ್ಪಿಗೆ ಬರೆದ ಕಾಗದದಲ್ಲಿ, ಬೀಳೋ ವಸ್ತುವಿನ ವೇಗ ಅದು ಬಿದ್ದ ದೂರಕ್ಕೆ ತಕ್ಕಂತೆ ಏರುತ್ತೆ ಅಂತಲೇ ಹೇಳಿದ್ದ. ಎರಡು ಪಟ್ಟು ದೂರ ಬಿದ್ರೆ ಎರಡು ಪಟ್ಟು ವೇಗ. ನಮ್ಮ ಕ್ಲಾಸು ಕೂಗಿದ "ಮೂರು ಸಾರ್"ನ ತಿರುಗಿಸಿ ಹಾಕಿದ್ರೆ ಅದೇ. ಆಮೇಲೆ ಅಲ್ಲ, ಏರೋದು ದೂರಕ್ಕೆ ತಕ್ಕಂತಲ್ಲ ಹೊತ್ತಿಗೆ ತಕ್ಕಂತೆ ಅಂತ ತಿದ್ಕೊಂಡ. 1638ರಲ್ಲಿ ಹಾಲೆಂಡಿನ ಲೈಡನ್ನಲ್ಲಿ ಅಚ್ಚಾದ ಅವನ ಕೊನೇ ಪುಸ್ತಕದಲ್ಲಿ ಮೂರು ಜನ ಕೂತು ಮಾತಾಡ್ತಾರೆ, ಅದರಲ್ಲೊಬ್ಬ ಈ ದೂರದ ಲೆಕ್ಕವನ್ನೇ ಮುಂದಿಟ್ಟಾಗ ಇನ್ನೊಬ್ಬ, ನಮ್ಮ ಗ್ರಂಥಕರ್ತನೂ ಸ್ವಲ್ಪ ಕಾಲ ಇದೇ ತಪ್ಪಲ್ಲಿದ್ದ ಅಂತ ಹೇಳ್ತಾನೆ. ಅಂದ್ರೆ ಗೆಲಿಲಿಯೋ ತನ್ನ ತಪ್ಪನ್ನ ತಾನೇ ಪಾತ್ರದ ಬಾಯಲ್ಲಿ ಒಪ್ಪಿಕೊಂಡ. ಇದನ್ನ ಆವತ್ತೇ ಯಾರಾದ್ರೂ ಕ್ಲಾಸಲ್ಲಿ ಹೇಳಿದ್ದಿದ್ರೆ ನನಗೆ ಎಷ್ಟು ಸಮಾಧಾನ ಆಗ್ತಿತ್ತು.

ಗಂಟೆ ಲೆಕ್ಕದ ಬಾಡಿಗೆ

ಸಾಯಂಕಾಲ ಅವಳಿಗೆ ನಾನೇ ಫೋನ್ ಮಾಡ್ದೆ. ಒಂದು ಕಾರು ಬಾಡಿಗೆಗೆ ತಗೊಂಡಿದೀಯ ಅಂತಿಟ್ಕೋ, ಕಿಲೋಮೀಟರ್ ಲೆಕ್ಕ ಅಲ್ಲ, ಗಂಟೆ ಲೆಕ್ಕ. ಗಂಟೆಗೆ ಇಷ್ಟು ಅಂತ ಫಿಕ್ಸು. ಜೋರಾಗಿ ಓಡಿಸಿದ್ರೆ ಒಂದೊಂದು ಕಿಲೋಮೀಟರಿಗೆ ಬೀಳೋ ಬಾಡಿಗೆ ಕಮ್ಮಿ. ಟ್ರಾಫಿಕಲ್ಲಿ ಸಿಕ್ಕಾಕ್ಕೊಂಡು ತೆವಳಿದ್ರೆ ಅದೇ ಒಂದು ಕಿಲೋಮೀಟರಿಗೆ ಜೇಬು ಖಾಲಿ. ಬ್ರೇಕೂ ಹಂಗೇ, ಅದು ಸೆಕೆಂಡ್ ಲೆಕ್ಕದಲ್ಲಿ ಬಾಡಿಗೆ ವಸೂಲಿ ಮಾಡೋ ಗಿರಾಕಿ. ನಿನ್ನ ಲೆಕ್ಕದ ಕಾರು 20ರಲ್ಲಿ ಹೋಗ್ತಿದೆ, ಸೆಕೆಂಡಿಗೆ 5 ಕಿತ್ಕೊಳ್ತಾರೆ. 20, 15, 10, 5, ಸೊನ್ನೆ. ನಾಲ್ಕು ಸೆಕೆಂಡು. ಈಗ ಒಂದೊಂದು ಸೆಕೆಂಡಲ್ಲಿ ಎಷ್ಟು ದೂರ ಹೋಯ್ತು ಸರಾಸರಿ ಹಾಕಿ ನೋಡು ಅಂದೆ. ಅವಳೇ ಹಾಕಿದ್ಲು, 17.5, 12.5, 7.5, 2.5. ಕೂಡಿದ್ರೆ 40 ಮೀಟರ್. ಎಲ್ಲಾನೂ 2.5ರಿಂದ ಭಾಗಿಸು ಅಂದೆ. 7, 5, 3, 1. "ಅಯ್ಯೋ, ಬೆಸ ಸಂಖ್ಯೆ!" ಅಂದ್ಲು. ಗೆಲಿಲಿಯೋ ಇಳಿಜಾರು ಹಲಗೆ ಮೇಲೆ ಕಂಚಿನ ಗುಂಡು ಉರುಳಿಸಿ ಕಂಡುಕೊಂಡಿದ್ದೂ ಇದೇ ಸಾಲು, ಅವನದು 1, 3, 5, 7 ಅಂತ ಏರ್ತಾ ಹೋಗುತ್ತೆ, ಬ್ರೇಕ್ ಹಾಕಿದಾಗ ಹಿಂದಿನಿಂದ ಮುಂದಕ್ಕೆ. ಅವನ ಹತ್ರ ಸರಿಯಾದ ಗಡಿಯಾರವೂ ಇರ್ಲಿಲ್ಲ ಪಾಪ, ಪಾತ್ರೆಯಿಂದ ಸಣ್ಣ ಕೊಳವೇಲಿ ನೀರು ಬಿಟ್ಟು, ಬಿದ್ದ ನೀರನ್ನ ತೂಕ ಹಾಕಿ ಹೊತ್ತು ಅಳೀತಿದ್ದ.

ಈಗ ಅದೇ ಕಾರನ್ನ ಸೆಕೆಂಡ್ ಬಿಟ್ಟು ಮೀಟರ್ ಮೀಟರಾಗಿ ನೋಡಿ. ವೇಗದ ವರ್ಗ, ಅಂದ್ರೆ ಸ್ಕ್ವೇರ್, 400 ಇತ್ತು, 40 ಮೀಟರಲ್ಲಿ ಸೊನ್ನೆ ಆಯ್ತು, ಅಂದ್ರೆ ಮೀಟರಿಗೆ 10 ಹತ್ತರಂತೆ ಕಂತು. ಮೊದಲ ಮೀಟರು ದಾಟಿದಾಗ 390, ಅಂದ್ರೆ ಗಂಟೆ ಲೆಕ್ಕದಲ್ಲಿ ವೇಗ 72ರಿಂದ 71ರ ಹತ್ತಿರಕ್ಕೆ ಬಂತು ಅಷ್ಟೇ. ಒಳಗೆ ಕೂತವನಿಗೆ ಬ್ರೇಕ್ ಹಿಡೀತೋ ಇಲ್ವೋ ಅನ್ನೋ ಅನುಮಾನ. 20 ಮೀಟರ್, ಅಂದ್ರೆ ಅರ್ಧ ದಾರಿ ಮುಗಿದಾಗ 200, ವೇಗ ಇನ್ನೂ 51. ಅರ್ಧ ದಾರೀಲಿ ಅರ್ಧ ವೇಗ ಅಂತ ನಾವೆಲ್ಲ ಅಂದ್ಕೊಂಡಿರ್ತೀವಲ್ಲ, ಆ 36 ಬರೋದು 30 ಮೀಟರ್ ದಾಟಿದಾಗ, ಮುಕ್ಕಾಲು ದಾರೀಲಿ. ಕಟ್ಟಕಡೇ ಮೀಟರಿಗೆ ಕಾಲಿಡೋವಾಗ್ಲೂ ಕಾರು 11 ಕಿಲೋಮೀಟರ್ ವೇಗದಲ್ಲಿರುತ್ತೆ, ಅದನ್ನೆಲ್ಲ ಆ ಒಂದೇ ಮೀಟರಲ್ಲಿ ಕಳ್ಕೊಳ್ಳುತ್ತೆ. ಮೊದಲ ಮೀಟರಲ್ಲಿ ಒಂದು, ಕೊನೇ ಮೀಟರಲ್ಲಿ ಹನ್ನೊಂದು! ಬ್ರೇಕು ಎರಡು ಕಡೇನೂ ಒಂದೇ ಜೋರಲ್ಲಿ ಹಿಡಿದಿದೆ, ಕೊನೇಲಿ ಗಾಡಿ ನಿಧಾನ ಇರೋದ್ರಿಂದ ಆ ಮೀಟರ್ ದಾಟೋಕೆ ಜಾಸ್ತಿ ಹೊತ್ತು, ಜಾಸ್ತಿ ಹೊತ್ತು ಅಂದ್ರೆ ಜಾಸ್ತಿ ಬಾಡಿಗೆ. ಸೆಕೆಂಡಿನ ಖಾತೇಲಿ ವೇಗದಿಂದ ಸಮ ಕಂತು, ಮೀಟರಿನ ಖಾತೇಲಿ ವೇಗದ ವರ್ಗದಿಂದ ಸಮ ಕಂತು. ಸಾಲ ಒಂದೇ, ಖಾತೆ ಪುಸ್ತಕ ಎರಡು.

ಟೈಮ್ ಎಲ್ಲಿ ಹೋಯ್ತು ಅನ್ನೋದು ಅವಳ ಮೂಲ ಪ್ರಶ್ನೆ. ಎಲ್ಲೂ ಹೋಗಿಲ್ಲ, ಅದು ಮದುವೆ ಬ್ರೋಕರ್ ಥರ. ದೂರ ಅಂದ್ರೆ ಸರಾಸರಿ ವೇಗ ಇಂಟು ಟೈಮು. ಆ ಟೈಮು ಎಷ್ಟು ಅಂದ್ರೆ ಕಳ್ಕೊಂಡ ವೇಗ ಬೈ ಡಿಸೆಲರೇಷನ್. ಸರಾಸರೀಲಿ ಮೊದಲ ವೇಗಕ್ಕೆ ಕೊನೇ ವೇಗ ಕೂಡುತ್ತೆ, ಟೈಮಲ್ಲಿ ಮೊದಲ ವೇಗದಿಂದ ಕೊನೇ ವೇಗ ಕಳೆಯುತ್ತೆ, ಕೂಡಿದ್ದನ್ನೂ ಕಳೆದದ್ದನ್ನೂ ಗುಣಿಸಿದ್ರೆ ಒಂಬತ್ತನೇ ಕ್ಲಾಸಿನ ಬೀಜಗಣಿತದಂತೆ ಎರಡು ವರ್ಗಗಳ ವ್ಯತ್ಯಾಸ. ಎರಡು ಕಡೆಯವರನ್ನೂ ಪರಿಚಯ ಮಾಡಿಸಿ ಬ್ರೋಕರ್ ಎದ್ದು ಹೋದ, ಮದುವೆ ಫೋಟೋದಲ್ಲಿ ಅವನಿಲ್ಲ. "ಅವನಿಗೆ ಕಮಿಷನ್ ಎಷ್ಟು?" ಅಂದ್ಲು. ಅರ್ಧ, ಅಂದೆ, ಅದಕ್ಕೇ ಕೆಳಗೆ 2 ಉಳ್ಕೊಂಡಿರೋದು. ಜೋಕು ಅಷ್ಟು ಚೆನ್ನಾಗಿರ್ಲಿಲ್ಲ, ಆದ್ರೂ ನಕ್ಲು.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಟ್ಯೂಷನ್ ಹೇಳೋರು ಯಾರಾದ್ರೂ ಓದ್ತಿದ್ರೆ. ಬ್ರೇಕಿನ ಲೆಕ್ಕದಲ್ಲಿ ಟೈಮ್ ಕೈಗೆ ಕೊಟ್ರೇನೇ ಅಪಾಯ ಜಾಸ್ತಿ. ಸೆಕೆಂಡಿಗೆ 10 ಮೀಟರಲ್ಲಿ ಹೋಗೋ ಬಸ್ಸು, ಡಿಸೆಲರೇಷನ್ 5, ಬ್ರೇಕ್ ಹಾಕಿ 5 ಸೆಕೆಂಡಲ್ಲಿ ಎಷ್ಟು ದೂರ ಅಂತ ಕೇಳಿದ್ರೆ ಹುಡುಗ್ರು ಕಣ್ಮುಚ್ಚಿ ಎರಡನೇ ಈಕ್ವೇಷನ್ ಹಾಕ್ತಾರೆ, ಯು ಟಿ ಪ್ಲಸ್ ಅರ್ಧ ಎ ಟಿ ಸ್ಕ್ವೇರ್, 50ರಲ್ಲಿ 62.5 ಕಳೆದ್ರೆ ಮೈನಸ್ 12.5. ಅಂದ್ರೆ ಬ್ರೇಕ್ ಹಾಕಿದ ಬಸ್ಸು ನಿಂತು, ರಿವರ್ಸ್ ತಗೊಂಡು, ಬ್ರೇಕ್ ಹಾಕಿದ ಜಾಗದಿಂದಲೂ ಹನ್ನೆರಡೂವರೆ ಮೀಟರ್ ಹಿಂದಕ್ಕೆ ಹೋಗಿದೆ! ಬಸ್ಸು 2 ಸೆಕೆಂಡಿಗೇ 10 ಮೀಟರಲ್ಲಿ ನಿಂತಿತ್ತು ಅನ್ನೋದು ಆ ಈಕ್ವೇಷನ್ನಿಗೆ ಗೊತ್ತಿಲ್ಲ. ಮೂರನೇದು ಹಂಗೆ ಮೋಸ ಮಾಡಲ್ಲ. 12ನೇ ಮೀಟರಲ್ಲಿ ವೇಗ ಎಷ್ಟು ಅಂತ ಕೇಳಿ, 10ರ ವರ್ಗ 100ರಲ್ಲಿ 2 ಇಂಟು 5 ಇಂಟು 12, ಅಂದ್ರೆ 120 ಕಳೆದು ಮೈನಸ್ 20, ಅದಕ್ಕೆ ವರ್ಗಮೂಲ ತೆಗಿ ನೋಡೋಣ ಅನ್ನುತ್ತೆ. ಗಾಡಿ ಅಲ್ಲಿಗೆ ಬಂದೇ ಇಲ್ಲ ಅಂತ ನೇರವಾಗಿ ಹೇಳೋ ರೀತಿ ಅದು.

ದೊಡ್ಡಪ್ಪನ ಹೆಜ್ಜೆ

ಇಷ್ಟೆಲ್ಲ ಹೇಳಿ ಫೋನಿಟ್ಟ ಮೇಲೆ ನೆನಪಾಗಿದ್ದು ನಮ್ಮ ದೊಡ್ಡಪ್ಪ. ಲಾರಿ ಓಡಿಸ್ತಿದ್ರು, ಮಂಗಳೂರಿಂದ ಹೆಂಚು, ಗೊಬ್ಬರ ಹಾಕ್ಕೊಂಡು ಶಿರಾಡಿ ಹತ್ತಿ ಹಾಸನಕ್ಕೆ. ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳಿ ಅನ್ನೋದು ಅವರ ಒಂದೇ ವೇದವಾಕ್ಯ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಒಂದು ಬೇಸಿಗೆ ರಜೇಲಿ ಅವರ ಜೊತೆ ಹೋಗಿದ್ದೆ. ಮಾರನಹಳ್ಳಿ ದಾಟಿ ಒಂದು ಟೀ ಅಂಗಡಿ ಮುಂದೆ ಗುಂಪು ಸೇರಿತ್ತು. ಜೀಪೊಂದು ಕರು ಅಡ್ಡ ಬಂತು ಅಂತ ಬ್ರೇಕ್ ಹೊಡೆದು, ರೋಡಿನ ಮೇಲೆ ಉದ್ದಕ್ಕೆ ಕರೀ ಗೆರೆ ಎಳ್ಕೊಂಡು, ಪಕ್ಕದ ಮಣ್ಣಿಗಿಳಿದು ನಿಂತಿತ್ತು. ಕರುವಿಗೆ ಏನೂ ಆಗಿರ್ಲಿಲ್ಲ, ಅಂಗಡಿಯ ಬೆಂಚು ಮುರಿದಿತ್ತು. ಜೀಪಿನವನು "ಮೂವತ್ತರಲ್ಲಿ ಬರ್ತಿದ್ದೆ ಸ್ವಾಮಿ, ನಿಮ್ಮಾಣೆ" ಅಂತಿದ್ದ. ದೊಡ್ಡಪ್ಪ ಬಾಯಲ್ಲಿ ಬೀಡಿ ಇಟ್ಕೊಂಡೇ ಗೆರೆಯ ಆ ತುದಿಗೆ ಹೋಗಿ ಹೆಜ್ಜೆ ಹಾಕ್ತಾ ಬಂದ್ರು. ಟಾರಿನ ಮೇಲೆ 22 ಹೆಜ್ಜೆ, ಮಣ್ಣಲ್ಲಿ 8. ಬಂದು ಬೀಡಿ ತೆಗೆದು, "ಮೂವತ್ತರಲ್ಲಿ ಬಂದಿದ್ರೆ ಆರೇಳು ಹೆಜ್ಜೆಗೆ ಮುಗೀತಿತ್ತಪ್ಪ. ನೀನು ಐವತ್ತೈದು ಅರವತ್ತರ ಮೇಲಿದ್ದೆ. ಬೆಂಚಿಗೆ ದುಡ್ಡು ಕೊಟ್ಟು ಹೋಗು" ಅಂದ್ರು. ಅವನು ಕೊಟ್ಟ ಕೂಡ.

ಲಾರಿ ಹತ್ತಿದ ಮೇಲೆ, "ದೊಡ್ಡಪ್ಪ, ಅವನು ಎಷ್ಟು ಸೆಕೆಂಡಲ್ಲಿ ನಿಂತ ಅಂತ ಗೊತ್ತಾಗ್ದೆ ಹೆಂಗ್ ಹೇಳಿದ್ರಿ" ಅಂತ ಕೇಳಿದ್ದೆ. ಹೌದು, ಅಕ್ಕನ ಮಗಳು ಕೇಳಿದ್ದೇ. ಅವರು ಸ್ಟೀರಿಂಗ್ ಮೇಲಿಂದ ಕಣ್ಣು ತೆಗೀದೆ, "ವಾಚ್ ನೋಡ್ಕೊಂಡು ಯಾವನ್ಲಾ ಬ್ರೇಕ್ ಹೊಡೀತಾನೆ? ಜಾಗ ನೋಡ್ಕೊಂಡು ಹೊಡೆಯೋದು" ಅಂದ್ರು. ನಡಿಗೆಯ ದೂರವನ್ನ ಒಂದು ಬೀಡಿ ಹೊತ್ತು ಅಂತ ಟೈಮಲ್ಲಿ ಹೇಳ್ತಿದ್ದ ಮನುಷ್ಯ, ನಿಲ್ಲಿಸೋದು ಬಂದಾಗ ಮಾತ್ರ ಹೆಜ್ಜೆ, ಮಾರು, ಲಾರಿ ಉದ್ದ.

ಹೋದ ಭಾನುವಾರ ರಾತ್ರಿ ಆ ಹೆಜ್ಜೆಗಳನ್ನ ಲೆಕ್ಕಕ್ಕೆ ಹಾಕಿ ನೋಡ್ದೆ. ಅವರ ಹೆಜ್ಜೆ ಮುಕ್ಕಾಲು ಮೀಟರ್ ಅಂತಿಟ್ಕೊಂಡ್ರೆ ಟಾರಲ್ಲಿ 16.5 ಮೀಟರ್, ಮಣ್ಣಲ್ಲಿ 6. ಒಣ ಟಾರಿನ ಮೇಲೆ ಗಾಲಿ ಲಾಕ್ ಆಗಿ ಜಾರಿದ್ರೆ ಡಿಸೆಲರೇಷನ್ 7 ಅಂತ ಇಟ್ಕೋಬಹುದು, ಮಣ್ಣಿಗೆ ನನ್ನ ಅಂದಾಜು 4. ಇಲ್ಲೊಂದು ಸೂಕ್ಷ್ಮ ಇದೆ. ಟಾರಿನ ಗೆರೆಯೊಂದೇ ಆದ್ರೆ 55 ಕಿಲೋಮೀಟರ್ ವೇಗ ಬರುತ್ತೆ, ಮಣ್ಣಿನದೊಂದೇ ಆದ್ರೆ 25. ಕೂಡಿ 80 ಅಂದ್ರೆ ಜೀಪಿನವನಿಗೆ ಅನ್ಯಾಯ. ಕೂಡಬೇಕಾದ್ದು ವೇಗಗಳನ್ನಲ್ಲ, ವರ್ಗಗಳನ್ನ. ಟಾರು ತಿಂದಿದ್ದು 2 ಇಂಟು 7 ಇಂಟು 16.5, ಅಂದ್ರೆ 231, ಅದೇ ಥರ ಮಣ್ಣು ತಿಂದಿದ್ದು 48, ಒಟ್ಟು 279, ವರ್ಗಮೂಲ ತೆಗೆದ್ರೆ ಸೆಕೆಂಡಿಗೆ 16.7 ಮೀಟರ್. ಗಂಟೆಗೆ 60. ದೊಡ್ಡಪ್ಪ ಏಳನೇ ಕ್ಲಾಸ್ ಫೇಲು! ನನ್ನ ಅಂದಾಜುಗಳು ಅವರ ಉತ್ತರದ ಕಡೆಗೇ ಸ್ವಲ್ಪ ವಾಲಿರಬಹುದು ಅನ್ನೋದನ್ನೂ ಒಪ್ಕೋತೀನಿ, ಆದ್ರೆ 30 ಅಂತೂ ಯಾವ ರೀತೀಲೂ ಬರಲ್ಲ, ಅದಕ್ಕೆ 5 ಮೀಟರ್ ಸಾಕು, ಅಂದ್ರೆ ಸರಿಯಾಗಿ ಆರೇಳು ಹೆಜ್ಜೆ. ಅಪಘಾತ ಆದಲ್ಲಿ ಟೇಪ್ ಹಿಡಿದು ಟೈರಿನ ಗುರುತು ಅಳೆಯೋರೂ ಮಾಡೋದು ಇದೇ ಲೆಕ್ಕ. ಈಗ ಎಬಿಎಸ್ ಬ್ರೇಕ್ ಬಂದ ಮೇಲೆ ಗಾಲಿ ಪೂರ್ತಿ ಲಾಕ್ ಆಗದೆ ಆ ಕರೀ ಗೆರೆ ಮೊದಲಿನಷ್ಟು ದಟ್ಟವಾಗಿ ಬೀಳಲ್ಲ, ದೊಡ್ಡಪ್ಪ ಇದ್ದಿದ್ರೆ ಅವರಿಗೆ ಕಷ್ಟ ಆಗ್ತಿತ್ತು.

ಗೆರೆಗೆ ಉದ್ದ ಇದೆ, ಗಡಿಯಾರ ಇಲ್ಲ. ಗುಂಡು ಹೊಕ್ಕ ಹಲಗೆಗೂ ಇಲ್ಲ. 1720ರ ದಶಕದಲ್ಲಿ, ಗೆಲಿಲಿಯೋ ಪುಸ್ತಕ ಅಚ್ಚಾದ ಅದೇ ಲೈಡನ್ನಲ್ಲಿ, ಗ್ರಾವೆಸಾಂಡೆ ಅನ್ನೋ ಪ್ರೊಫೆಸರ್ ಹಿತ್ತಾಳೆ ಗುಂಡುಗಳನ್ನ ಮೆತ್ತನೇ ಜೇಡಿಮಣ್ಣಿನ ಮೇಲೆ ಎತ್ತಿಹಾಕಿ ಆದ ತಗ್ಗು ನೋಡಿದ. ವೇಗ ಎರಡು ಪಟ್ಟಾದ್ರೆ ತಗ್ಗು ನಾಲ್ಕು ಪಟ್ಟು. ಅದಕ್ಕೆ ಮುಂಚೆ, 1686ರಿಂದಲೂ, ಚಲಿಸೋ ವಸ್ತುವಿನ ತಾಕತ್ತನ್ನ ವೇಗದಿಂದ ಅಳೀಬೇಕೋ ವೇಗದ ವರ್ಗದಿಂದಲೋ ಅಂತ ವರ್ಗ ಅನ್ನೋ ಜರ್ಮನಿಯ ಲೈಬ್ನಿಟ್ಸ್ ಕಡೆಯವರಿಗೂ ವೇಗ ಅನ್ನೋ ಫ್ರಾನ್ಸಿನ ದೆಕಾರ್ತ್ ಕಡೆಯವರಿಗೂ ದೊಡ್ಡ ಜಗಳ ನಡೀತಿತ್ತು. ಫ್ರಾನ್ಸಿನ ವಿಜ್ಞಾನ ಲೇಖಕಿ ಎಮಿಲಿ ದು ಶಾತಲೆ 1740ರ ತನ್ನ ಪುಸ್ತಕದಲ್ಲಿ ವರ್ಗದ ಪರವಾಗಿ ವಾದಿಸಿದಳು. ಈಗ ನೋಡಿದ್ರೆ ಇಬ್ರೂ ಸರಿ, ಒಬ್ರು ಸೆಕೆಂಡಿನ ಖಾತೆ ನೋಡ್ತಿದ್ರು, ಇನ್ನೊಬ್ರು ಮೀಟರಿನ ಖಾತೆ. ಅಷ್ಟು ದೊಡ್ಡೋರು ಅಷ್ಟು ವರ್ಷ ಗುದ್ದಾಡಿದ ವಿಷಯವನ್ನ ನಮಗೆ ಒಂದು ಪೀರಿಯಡ್ಡಲ್ಲಿ ಬಾಯಿಪಾಠ ಮಾಡಿಸಿದ್ರು ನೋಡಿ.

ಮೂವತ್ತು, ನಲವತ್ತು, ಐವತ್ತು

ನನಗೆ ನಿಜವಾಗ್ಲೂ ಮೈ ಜುಂ ಅಂದಿದ್ದು ಇದೊಂದರಲ್ಲಿ. ಎರಡು ಕಾರು ಅಕ್ಕಪಕ್ಕ ಹೋಗ್ತಿವೆ, ಒಂದೇ ಥರ ಬ್ರೇಕು. ಒಂದು 40ರಲ್ಲಿ, ಇನ್ನೊಂದು 50ರಲ್ಲಿ. ಮಗುವೊಂದು ಚೆಂಡಿನ ಹಿಂದೆ ಓಡಿಬಂತು, ಇಬ್ರೂ ಒಂದೇ ಜಾಗದಲ್ಲಿ ಬ್ರೇಕ್ ಹೊಡೆದ್ರು. 40ರಲ್ಲಿದ್ದವನ ಬಂಪರ್ ಸರಿಯಾಗಿ ಮಗುವಿನ ಅಂಗಿಗೆ ತಾಕೋ ಹಾಗೆ ನಿಂತಿತು. 50ರವನು ಅದೇ ಜಾಗದಲ್ಲಿ ಎಷ್ಟು ವೇಗದಲ್ಲಿರ್ತಾನೆ? ಬಾಯಿಗೆ ಬರೋದು 10. ಹತ್ತು ತಾನೇ ಜಾಸ್ತಿ ಇದ್ದಿದ್ದು. ಆದ್ರೆ ಆ ದೂರದಲ್ಲಿ ಬ್ರೇಕು ತಿನ್ನೋದು 40ರ ವರ್ಗ, 1600. ಇವನ ಖಾತೇಲಿ 2500 ಇತ್ತು, ಉಳೀತು 900. ಮೂವತ್ತು! ಪೈಥಾಗೊರಸ್ಸಿನ 3, 4, 5 ರೋಡಲ್ಲಿ ಬಂದು ಮಲಗಿದೆ. ಟೈಮ್ ಕೊಟ್ಟಿಲ್ಲ, ದೂರಾನೂ ಕೊಟ್ಟಿಲ್ಲ, ಬ್ರೇಕ್ ಎಷ್ಟು ಜೋರು ಅಂತಲೂ ಕೊಟ್ಟಿಲ್ಲ, ಆದ್ರೂ ಉತ್ತರ ಬಂತು. ಇಬ್ರಿಗೂ ಮಗು ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಬೇಕಾಯ್ತು ಅಂತ ಸೇರಿಸಿ, ಡಿಸೆಲರೇಷನ್ 6 ಇಟ್ಟು ಮಾಡಿದ್ರೆ 30 ಹೋಗಿ 36 ದಾಟುತ್ತೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗೋವಾಗ ಸ್ಕೂಲ್ ಮುಂದಿನ ರೋಡಲ್ಲಿ ನನ್ನ ಸ್ಪೀಡೋಮೀಟರ್ ಮುಳ್ಳು 50ರ ಹತ್ರ ಇತ್ತು, ಹಿಂದಿನವನು ಹಾರ್ನ್ ಹೊಡೆದ್ರೂ ಇಳಿಸಿದೆ.

ಆ ಭಾನುವಾರ ರಾತ್ರೀನೇ ಅಕ್ಕನ ಮಗಳಿಗೆ ಆ ಹಲಗೆ ಗುಂಡಿನ ಲೆಕ್ಕ ವಾಟ್ಸಾಪಲ್ಲಿ ಹಾಕಿದ್ದೆ, ಉತ್ತರ ಹೇಳಿರ್ಲಿಲ್ಲ. ಮೂರು ಅಂತಾಳೆ ಅಂತ ಕಾಯ್ತಿದ್ದೆ. ಹತ್ತೂವರೆಗೆ ಫೋಟೋ ಬಂತು, ನೋಟ್‌ಬುಕ್ಕಲ್ಲಿ ಗೆರೆ, ನಾಲ್ಕು ಭಾಗ, ಕೊನೇ ತುಂಡಿಗೆ 1 ಸೆಂ.ಮೀ. ಅಂತ ಸುತ್ತು ಹಾಕಿದ್ದಾಳೆ. ಅದರ ಕೆಳಗೆ ಇನ್ನೊಂದು ಮೆಸೇಜು. "ಮಾಮ, ಟೈಮ್ ಎಷ್ಟು ಅಂತ ಗೊತ್ತಾಗಲ್ಲ ಸರಿ. ಆದ್ರೆ ಮೊದಲ 3 ಸೆಂಟಿಮೀಟರಿಗೆ ಎಷ್ಟು ಟೈಮೋ ಕೊನೇ 1 ಸೆಂಟಿಮೀಟರಿಗೂ ಅಷ್ಟೇ ಟೈಮು ಅಲ್ವಾ? ಎರಡರಲ್ಲೂ ಅರ್ಧರ್ಧ ವೇಗ ತಾನೇ ಹೋಗಿದ್ದು." ಎದ್ದು ಕೂತೆ. ಪಿಯುಸಿಯಿಂದ ಇಲ್ಲೀವರೆಗೆ ಆ ಲೆಕ್ಕವನ್ನ ಎಷ್ಟು ಜನಕ್ಕೆ ಹೇಳಿದೀನೋ, ಇದೊಂದು ನನಗೆ ಹೊಳೆದೇ ಇರ್ಲಿಲ್ಲ. ಹೌದು ಅಂತ ಟೈಪ್ ಮಾಡೋಷ್ಟರಲ್ಲಿ ಮತ್ತೊಂದು ಬಂತು. "ಅಂದ್ರೆ ನಾನು ಸಾಯಂಕಾಲ ಹಾಕಿದ 7, 5, 3, 1ರಲ್ಲಿ ಕೊನೇ ಎರಡು ಇದೇ. ನಿನ್ನ ಗೈಡಿನವರು ಲೆಕ್ಕ ಅಲ್ಲಿಂದಲೇ ಕದ್ದಿರೋದು."